‘ಆತ್ರಿ ಸರ’ ಅಂದರೆ ಸಂದೇಶ ತಲುಪಿದಂತಲ್ಲ

ಮಾನ್ಯ ಸಂಪಾದಕರೇ,

ಕಾರ್ಖಾನೆ, ಸಬ್‌ಸ್ಟೇಷನ್, ಗಣಿಗಳಲ್ಲಿ ಅವಘಡವಾದ ಸುದ್ದಿ ನಮ್ಮ ಜಿಲ್ಲಾ ಪುಟಗಳಲ್ಲಿ ಬಂದಾಗಲೆಲ್ಲ ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ: ‘ಮಾಹಿತಿ ಕೊರತೆಯೇ ಘಟನೆಗೆ ಕಾರಣ ಎನ್ನಲಾಗಿದೆ.’ ಯಾವ ಮಾಹಿತಿ, ಯಾರಿಂದ ಯಾರಿಗೆ ಹೋಗಬೇಕಿತ್ತು, ಎಲ್ಲಿ ನಿಂತುಹೋಯಿತು ಎಂಬುದು ಮಾತ್ರ ಬರುವುದಿಲ್ಲ. ತೋರಣಗಲ್ಲು, ಕುಡತಿನಿ, ಗಿಣಿಗೇರಿ, ಶಕ್ತಿನಗರ, ಹಟ್ಟಿ ಕಡೆ ಸಾವಿರಾರು ಮನೆಗಳು ಪಾಳಿಯ ಗಡಿಯಾರಕ್ಕೆ ಹೊಂದಿಕೊಂಡು ನಡೆಯುತ್ತವೆ. ಅಂಥ ಮನೆಗಳವರು ಓದುವ ಪತ್ರಿಕೆಯಲ್ಲಿ ಈ ವಿಷಯವನ್ನು ಒಮ್ಮೆಯಾದರೂ ಬಿಡಿಸಿ ಹೇಳಬೇಕೆಂದು ಈ ಪತ್ರ.

ಕಾಲೇಜುಗಳಲ್ಲಿ, ಕಂಪನಿಗಳ ತರಬೇತಿಯಲ್ಲಿ ‘ಕಮ್ಯುನಿಕೇಷನ್ ಸ್ಕಿಲ್ಸ್’ ಎಂದರೆ ಇಂಗ್ಲಿಷಿನಲ್ಲಿ ತಡವರಿಸದೆ ಮಾತಾಡುವುದು, ನಗುಮುಖದಿಂದ ಕೈಕುಲುಕುವುದು, ಪರದೆಯ ಮೇಲೆ ಸ್ಲೈಡ್ ತೋರಿಸುವುದು. ಬೇಡವೆನ್ನುವುದಿಲ್ಲ. ಆದರೆ ರಾತ್ರಿ ಹತ್ತಕ್ಕೆ ಬಿ ಪಾಳಿಯವನು ಸಿ ಪಾಳಿಯವನಿಗೆ ಕೆಲಸ ಒಪ್ಪಿಸುವಾಗ ಏನೇನು ಹೇಳಬೇಕು ಎಂಬುದನ್ನು ಕೂರಿಸಿ ಕಲಿಸುವ ತರಗತಿ ಅಪರೂಪ. ಜೀವ ಹೋಗುವುದು ಅಲ್ಲಿ.

1988ರ ಜುಲೈ 6ರಂದು ಸ್ಕಾಟ್ಲೆಂಡ್ ಬಳಿಯ ಸಮುದ್ರದಲ್ಲಿ ಪೈಪರ್ ಆಲ್ಫಾ ಎಂಬ ತೈಲ ವೇದಿಕೆ ಸುಟ್ಟು 167 ಮಂದಿ ಸತ್ತರು. ಹಗಲು ಪಾಳಿಯವರು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ, ಆ ಜಾಗಕ್ಕೆ ಕುರುಡು ಫ್ಲಾಂಜ್ (ಪೈಪಿನ ಬಾಯಿ ಮುಚ್ಚುವ ತಟ್ಟೆ) ಕೂರಿಸಿ ಹೋಗಿದ್ದರು. ಕೆಲಸ ಮುಗಿದಿಲ್ಲ ಎನ್ನುವ ಪರ್ಮಿಟ್, ಅಂದರೆ ಕೆಲಸಕ್ಕೆ ಕೊಡುವ ಅನುಮತಿಯ ಕಾಗದ, ಇತ್ತು, ಸಹಿಯೂ ಇತ್ತು. ರಾತ್ರಿ ಪಾಳಿಯವರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಇನ್ನೊಂದು ಪಂಪು ನಿಂತಾಗ ಅವರು ಇದನ್ನು ಚಾಲೂ ಮಾಡಿದರು. ಫ್ಲಾಂಜಿನಿಂದ ಗ್ಯಾಸ್ ಸೋರಿ ಸ್ಫೋಟವಾಯಿತು. ಕಾಗದ ಒಂದು ಕಡೆ, ಅದನ್ನು ಓದಬೇಕಾದವನು ಇನ್ನೊಂದು ಕಡೆ, ಅಷ್ಟೆ.

ಪಾಳಿ ಒಪ್ಪಿಸಲು ಕನಿಷ್ಠ ಹದಿನೈದು ನಿಮಿಷ ಬೇಕು. ಈ ಹೊತ್ತು ಎರಡೂ ಪಾಳಿಯವರ ಸಂಬಳದ ಸಮಯದೊಳಗೆ ಇರಬೇಕು. ಹತ್ತಕ್ಕೆ ಪಾಳಿ ಮುಗಿದು ಹತ್ತು ಗಂಟೆ ಐದು ನಿಮಿಷಕ್ಕೆ ಬಸ್ಸು ಹೊರಡುವುದಾದರೆ ಒಪ್ಪಿಸುವ ಕೆಲಸ ಗೇಟಿನ ಬಳಿ, ಬೈಕಿನ ಮೇಲೆ, ‘ಎಲ್ಲಾ ನಾರ್ಮಲ್ ಐತಿ ನೋಡ್ರಿ’ ಎಂಬಲ್ಲಿಗೆ ಮುಗಿಯುತ್ತದೆ. ಬರುವವನು ಮೊದಲ ಐದು ನಿಮಿಷ ಲಾಗ್‌ಬುಕ್ ಓದಲಿ. ಮುಂದಿನ ಐದು ನಿಮಿಷ ಇಬ್ಬರೂ ಎದುರುಬದುರು ನಿಂತು ಮಾತಾಡಲಿ. ಉಳಿದ ಹೊತ್ತಿನಲ್ಲಿ ಮಾಮೂಲಿಯಂತಿಲ್ಲದ ಯಂತ್ರದ ಬಳಿಗೆ ಜೊತೆಯಾಗಿ ನಡೆದುಹೋಗಿ ಕಣ್ಣಾರೆ ನೋಡಲಿ. ರಜೆ ಮುಗಿಸಿ ಬಂದವನು ಹಿಂದಿನ ಒಂದು ಪಾಳಿಯದ್ದಷ್ಟೇ ಓದಿದರೆ ಸಾಲದು. ತಾನು ಕೊನೆಗೆ ಕೆಲಸ ಮಾಡಿದ ದಿನದಿಂದ ಈಚಿನದೆಲ್ಲವನ್ನೂ ಓದಬೇಕು. ಹೊಸಬನಿಗೆ ಹಳಬ ಒಪ್ಪಿಸುವಾಗಲೂ ಹೆಚ್ಚು ಸಮಯ ಕೊಡಬೇಕು. ಹಳಬನಿಗೆ ‘ಇದು ಹೇಳೋದೇನೈತಿ’ ಎನಿಸುವುದೇ ಹೊಸಬನಿಗೆ ಗೊತ್ತಿಲ್ಲದ ಸಂಗತಿ.

ಹೇಳಬೇಕಾದ್ದು ಏನು? ಯಾವುದು ಓಡುತ್ತಿದೆ, ಯಾವುದು ನಿಂತಿದೆ, ನಿಂತದ್ದು ತಾನಾಗಿ ನಿಂತಿತೋ ನಿಲ್ಲಿಸಿದ್ದೋ. ತೆರೆದಿರುವ ಪರ್ಮಿಟ್‌ಗಳ ನಂಬರು, ಜಾಗ, ಅದು ಯಾರ ಹೆಸರಿನಲ್ಲಿದೆ. ಯಾವ ಇಂಟರ್‌ಲಾಕ್ (ಅಪಾಯವಾದರೆ ಯಂತ್ರವನ್ನು ತಾನಾಗಿ ತಡೆಯುವ ವ್ಯವಸ್ಥೆ) ಬೈಪಾಸ್ ಆಗಿದೆ, ಅಂದರೆ ಕೆಲಸ ಮಾಡದಂತೆ ತಪ್ಪಿಸಿದ್ದಾರೆ, ಯಾವ ಅಲಾರಂ ಬಾಯಿ ಮುಚ್ಚಿಸಿದ್ದಾರೆ, ಯಾರ ಅಪ್ಪಣೆಯಿಂದ. ಟ್ಯಾಂಕು, ಡಕ್ಟ್, ಬಂಕರ್‌ಗಳ ಒಳಗೆ ಎಷ್ಟು ಜನ ಇದ್ದಾರೆ, ಎಷ್ಟಕ್ಕೆ ಇಳಿದರು. ಬೈಪಾಸ್ ವಿಷಯದಲ್ಲೇ ಹೆಚ್ಚು ಎಡವುವುದು. ಅರ್ಧ ಗಂಟೆಗೆಂದು ಹಾಕಿದ ಬೈಪಾಸ್ ಮೂರು ಪಾಳಿ ದಾಟಿದ ಮೇಲೆ ಯಂತ್ರದ ಸಹಜ ಸ್ಥಿತಿಯಂತೆ ಕಾಣತೊಡಗುತ್ತದೆ. ಹಾಕಿದವನ ಹೆಸರು, ಹೊತ್ತು, ತೆಗೆಯಬೇಕಾದ ಹೊತ್ತು ಈ ಮೂರನ್ನೂ ಪ್ರತಿ ಪಾಳಿಯಲ್ಲಿ ಹೊಸದಾಗಿ ಬರೆಯುವುದೊಂದೇ ಇದಕ್ಕೆ ಮದ್ದು.

ಬರೆಯುವ ರೀತಿಯೂ ಮುಖ್ಯ. ‘ಬೇರಿಂಗ್ ಸ್ವಲ್ಪ ಬಿಸಿ ಇದೆ, ಗಮನಿಸಿ’ ಎಂದರೆ ಓದಿದವನಿಗೆ ಏನೂ ತಿಳಿಯದು. ‘ಫ್ಯಾನಿನ ಕಡೆಯ ಬೇರಿಂಗ್: 7ಕ್ಕೆ 62 ಡಿಗ್ರಿ, 8ಕ್ಕೆ 66, 9ಕ್ಕೆ 71. ಆಯಿಲ್ ಲೆವೆಲ್ ನೋಡಿದೆ, ಸರಿ ಇದೆ. ಶಬ್ದ ಇಲ್ಲ. ವೈಬ್ರೇಶನ್ ಅಳೆದಿಲ್ಲ. ಮೆಕ್ಯಾನಿಕಲ್‌ನವರಿಗೆ 9.10ಕ್ಕೆ ಫೋನ್ ಮಾಡಿದೆ, ಇನ್ನೂ ಬಂದಿಲ್ಲ’ ಎಂದು ಬರೆದರೆ ಬರುವವನು ಏನು ಮಾಡಬೇಕೆಂದು ಕೇಳಬೇಕಿಲ್ಲ. ಇಲ್ಲಿ ‘ಅಳೆದಿಲ್ಲ’ ಎಂಬ ಮಾತಿಗೆ ಉಳಿದ ಅಂಕಿಗಳಷ್ಟೇ ಬೆಲೆ. ಮಾಡದಿರುವುದನ್ನು ಮಾಡಿಲ್ಲ ಎಂದು ಬರೆಯಲು ಅವಮಾನವಾಗುವ ಕಚೇರಿಯಲ್ಲಿ ಲಾಗ್‌ಬುಕ್ ಸುಳ್ಳಿನ ಕಂತೆಯಾಗುತ್ತದೆ.

ಗಂಟೆಗೊಮ್ಮೆ ತುಂಬಬೇಕಾದ ಲಾಗ್‌ಶೀಟನ್ನು ಪಾಳಿಯ ಕೊನೆಗೆ ಒಂದೇ ಸಲ ಕೂತು ತುಂಬುವ ಚಾಳಿ ಎಲ್ಲರಿಗೂ ಗೊತ್ತಿರುವುದೇ. ಎಂಟು ಮನೆಗಳಲ್ಲೂ ಒಂದೇ ಅಂಕಿ, ಒಂದೇ ಶಾಯಿ, ಒಂದೇ ಓರೆ. ಇದು ಸೋಮಾರಿತನ ಮಾತ್ರ ಎಂದುಕೊಂಡರೆ ತಪ್ಪು. ಬೇರಿಂಗ್ ಸುಟ್ಟ ಮೇಲೆ ಕಾರಣ ಹುಡುಕುವ ಎಂಜಿನಿಯರ್ ಅದೇ ಹಾಳೆಯನ್ನು ನಂಬಿ, ‘ತಾಪ ಏರಿಯೇ ಇಲ್ಲ, ಬೇರೇನೋ ಆಗಿದೆ’ ಎಂದು ತಪ್ಪು ದಾರಿ ಹಿಡಿಯುತ್ತಾನೆ. ಅದೇ ದೋಷ ಪಕ್ಕದ ಯಂತ್ರದಲ್ಲಿ ಮುಂದುವರಿಯುತ್ತದೆ. ರೀಡಿಂಗ್ ತಪ್ಪಿದರೆ ‘ನೋಡಿಲ್ಲ’ ಎಂದು ಬರೆದು ಕಾರಣ ಹಾಕುವುದು ಒಳ್ಳೆಯದು. ತಪ್ಪು ಬರೆದರೆ ಒಂದೇ ಗೆರೆ ಎಳೆದು, ಹಳೆಯ ಅಂಕಿ ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದು ಬರೆದು ಚುಟುಕು ಸಹಿ ಹಾಕಬೇಕು. ವೈಟ್‌ನರ್ ಹಚ್ಚಿದ ಲಾಗ್‌ಬುಕ್ಕನ್ನು ಮುಂದೆ ಯಾರೂ ನಂಬುವುದಿಲ್ಲ, ನಿಜ ಬರೆದ ಪುಟಗಳನ್ನೂ ಸೇರಿಸಿ.

ಇನ್ನು ಫೋನಿನ ಮಾತು. ಕರೆಂಟ್ ಕೆಲಸದವರು ‘ಎಲ್‌ಸಿ’ ಎನ್ನುವ ಲೈನ್ ಕ್ಲಿಯರ್, ಅಂದರೆ ಲೈನಿನ ಕರೆಂಟ್ ತೆಗೆದಿದೆ, ಕೆಲಸ ಮಾಡಬಹುದು ಎಂಬ ಅನುಮತಿ, ಇದಕ್ಕೆ ಒಳ್ಳೆಯ ಉದಾಹರಣೆ. ಕಂಬ ಹತ್ತುವ ಪವರ್‌ಮ್ಯಾನ್‌ನ ಜೀವ ಸಬ್‌ಸ್ಟೇಷನ್ನಿನ ಆಪರೇಟರ್ ಜೊತೆಗಿನ ಒಂದು ನಿಮಿಷದ ಮಾತಿನ ಮೇಲೆ ನಿಂತಿರುತ್ತದೆ. ಫೀಡರ್ (ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನ್) ಹೆಸರು ಮತ್ತು ನಂಬರ್ ಎರಡನ್ನೂ ಹೇಳಬೇಕು. ತುಂಗಭದ್ರಾ ಕಾಲುವೆ ಸೀಮೆಯಲ್ಲಿ ಊರಿಗೊಂದು ‘ಕ್ಯಾಂಪ್’ ಎಂಬ ಹೆಸರಿನ ವಸತಿ ಇದೆ. ‘ಕ್ಯಾಂಪ್ ಲೈನ್ ಎಲ್‌ಸಿ ಕೊಡ್ರಿ’ ಎಂದರೆ ಯಾವ ಕ್ಯಾಂಪ್? ಆಪರೇಟರ್ ಬ್ರೇಕರ್ (ಲೈನಿನ ದೊಡ್ಡ ಸ್ವಿಚ್) ತೆಗೆದು, ಐಸೊಲೇಟರ್ (ಲೈನನ್ನು ಕಣ್ಣಿಗೆ ಕಾಣುವಂತೆ ಬೇರ್ಪಡಿಸುವ ಸ್ವಿಚ್) ಬಿಚ್ಚಿ, ಲೈನನ್ನು ನೆಲಕ್ಕೆ ಜೋಡಿಸಿ ಅರ್ತ್ ಮಾಡಿ, ಬೋರ್ಡಿಗೆ ಕೆಂಪು ಚೀಟಿ ತೂಗುಹಾಕಿ, ಆಮೇಲೆ ನಂಬರ್ ಕೊಡಬೇಕು. ಕೇಳಿದವನು ‘ಆತ್ರಿ’ ಎಂದು ಇಟ್ಟುಬಿಡಬಾರದು, ತಿರುಗಿ ಹೇಳಬೇಕು: ‘ಎಲ್‌ಸಿ ನಂಬರ್ ನಾಲ್ಕು-ಏಳು, ಎಫ್-ಎಂಟು ಫೀಡರ್, ಬ್ರೇಕರ್ ಆಫ್, ಐಸೊಲೇಟರ್ ಓಪನ್, ಅರ್ತ್ ಆಗಿದೆ, ಹೊತ್ತು ಒಂದು-ಸೊನ್ನೆ, ಎರಡು-ಸೊನ್ನೆ.’ ಆಪರೇಟರ್ ‘ಸರಿ’ ಎಂದ ಮೇಲೆಯೇ ಅದು ಎಲ್‌ಸಿ.

ಎಲ್ಲಿ ತಪ್ಪುತ್ತದೆ ಎಂದರೆ, ಒಂದೇ ಫೀಡರ್ ಮೇಲೆ ಎರಡು ತಂಡ ಎಲ್‌ಸಿ ತೆಗೆದುಕೊಂಡಾಗ. ಒಂದು ತಂಡ ಕೆಲಸ ಮುಗಿಸಿ ವಾಪಸ್ ಕೊಡುತ್ತದೆ. ಆಪರೇಟರ್ ಲೈನ್ ಚಾರ್ಜ್ ಮಾಡುತ್ತಾನೆ, ಅಂದರೆ ಕರೆಂಟ್ ಬಿಡುತ್ತಾನೆ. ಇನ್ನೊಂದು ತಂಡ ಕಂಬದ ಮೇಲಿರುತ್ತದೆ. ಅದಕ್ಕೇ ಎರಡು ತಂಡಕ್ಕೆ ಎರಡು ನಂಬರ್, ಬೋರ್ಡಿನ ಮೇಲೆ ಎರಡು ಚೀಟಿ. ಎರಡೂ ಇಳಿಯುವ ತನಕ ಹ್ಯಾಂಡಲ್ ಮುಟ್ಟುವಂತಿಲ್ಲ. ಎಲ್‌ಸಿ ತೆಗೆದುಕೊಂಡವನೇ ವಾಪಸ್ ಕೊಡಬೇಕು. ‘ಅವರು ಇಳಿದಾರ, ನಾನ ಹೇಳಾಕತ್ತೇನಿ’ ಎನ್ನುವ ಮೂರನೆಯವನ ಮಾತು ನಡೆಯದು. ‘ಅರ್ಧ ತಾಸು ಬಿಟ್ಟು ನೀವ ಹಾಕಿಬಿಡ್ರಿ’ ಎಂಬ ಒಪ್ಪಂದವಂತೂ ಕೂಡದು. ಇದರ ನಡುವೆ ಹೊಲದ ಕಡೆಯಿಂದ ‘ಕರೆಂಟ್ ಯಾವಾಗ ಕೊಡ್ತೀರಿ’ ಎಂದು ಫೋನು ಬರುತ್ತಲೇ ಇರುತ್ತದೆ. ಆಪರೇಟರ್ ಸಿಟ್ಟಾಗುವ ಬದಲು, ‘ಕಂಬದ ಮೇಲ ಮಂದಿ ಅದಾರಣ್ಣ, ಹನ್ನೆರಡಕ್ಕಿಂತ ಮೊದಲು ಬರೂದಿಲ್ಲ’ ಎಂದು ಇದ್ದದ್ದನ್ನೇ ಹೇಳಿದರೆ ಮುಕ್ಕಾಲು ಜನ ಸುಮ್ಮನಾಗುತ್ತಾರೆ. ‘ಈಗ ಬರ್ತೈತ್ರಿ’ ಎಂಬ ಸಮಾಧಾನದ ಮಾತೇ ಹತ್ತು ಫೋನುಗಳನ್ನು ಕರೆಯುತ್ತದೆ.

ಇಷ್ಟಾದರೂ ಕೆಲಸದ ಜಾಗದಲ್ಲಿ ಲೈನ್ ಸತ್ತಿದೆಯೇ ಎಂದು ಪರೀಕ್ಷಿಸಿ, ಎರಡೂ ಬದಿ ಅರ್ತ್ ರಾಡ್ ಹಾಕದೆ ತಂತಿ ಮುಟ್ಟಬಾರದು. ಅಕ್ಕಿ ಗಿರಣಿಯದ್ದೋ ಕಲ್ಯಾಣ ಮಂಟಪದ್ದೋ ಜನರೇಟರಿಗೆ ಸರಿಯಾದ ಚೇಂಜ್ ಓವರ್ (ಲೈನನ್ನು ಜನರೇಟರಿನಿಂದ ಬೇರ್ಪಡಿಸುವ ಸ್ವಿಚ್) ಇಲ್ಲದಿದ್ದರೆ ಹಿಂದಿನಿಂದ ಕರೆಂಟ್ ಹೊಡೆಯುತ್ತದೆ. ಆಪರೇಟರ್ ನಿಜವನ್ನೇ ಹೇಳಿದ್ದರೂ ಅದು ಅವನ ಕಡೆಯ ನಿಜ ಮಾತ್ರ.

‘ತಿರುಗಿ ಹೇಳುವುದೆಲ್ಲ ಹೊಸಬರಿಗೆ, ನಮಗ್ಯಾಕ್ರಿ’ ಎನ್ನುವ ಹಿರಿಯರಿದ್ದಾರೆ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಅನುಮತಿ ಇಲ್ಲದೆಯೇ ಓಟ ಶುರು ಮಾಡಿದ ಕ್ಯಾಪ್ಟನ್ ತನ್ನ ಕಂಪನಿಯಲ್ಲೇ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದವರು. ಟವರಿನಿಂದ ಬಂದ ‘ಓಕೆ’ ಎಂಬಷ್ಟು ಮಾತು ಕೇಳಿಸಿತು. ಅದರ ಹಿಂದೆಯೇ ಇದ್ದ ‘ಕಾಯಿರಿ’ ಎಂಬ ಸೂಚನೆ ರೇಡಿಯೊದ ಕಿರುಚಿನಲ್ಲಿ ಮುಳುಗಿತು. ಆ ದುರಂತದ ನಂತರ ವಿಮಾನಯಾನದಲ್ಲಿ ಬರೀ ‘ಓಕೆ’ಗೆ ಜಾಗವಿಲ್ಲ, ಅನುಮತಿಯನ್ನು ಪೂರ್ತಿ ತಿರುಗಿ ಹೇಳಬೇಕು. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳ ಹೆಬ್ಬೆರಳಿನ ಚಿತ್ರ ಅದೇ ‘ಓಕೆ’ಯ ಮೊಮ್ಮಗ. ನೀಲಿ ಗೆರೆ ಬಿದ್ದರೆ ಫೋನು ತೆರೆದಿತ್ತು ಎಂದಷ್ಟೇ ಅರ್ಥ. ಪರ್ಮಿಟ್, ಐಸೊಲೇಷನ್, ಚಾರ್ಜಿಂಗ್ ಈ ಮೂರನ್ನು ಗುಂಪಿನ ಮೆಸೇಜಿಗೆ ಬಿಡಲೇಬಾರದು.

ಅಂಕಿ ಹೇಳುವಾಗ ಬಿಡಿಬಿಡಿಯಾಗಿ ಹೇಳಬೇಕು. ಗಿರಣಿಯ ಸದ್ದಿನಲ್ಲಿ ಇಪ್ಪತ್ತು ಎಪ್ಪತ್ತಾಗುತ್ತದೆ, ಒಂಬತ್ತು ಎಂಬತ್ತಾಗುತ್ತದೆ. ಹಿಂದಿಯವರ ಬಾಯಲ್ಲಿ ಸಾತ್ (ಏಳು), ಸಾಠ್ (ಅರವತ್ತು) ಎರಡೂ ಒಂದೇ ಕೇಳುತ್ತವೆ. ‘ಎಂಟು-ಸೊನ್ನೆ’ ಎಂದರೆ ಗೊಂದಲವಿಲ್ಲ. ಇದಕ್ಕಿಂತ ಕೆಟ್ಟದ್ದು ‘ಕ್ಲೋಸ್’. ವಾಲ್ವ್ ಕ್ಲೋಸ್ ಆದರೆ ನೀರು ನಿಲ್ಲುತ್ತದೆ, ಬ್ರೇಕರ್ ಕ್ಲೋಸ್ ಆದರೆ ಕರೆಂಟ್ ಹರಿಯುತ್ತದೆ. ಮೆಕ್ಯಾನಿಕಲ್ ಹಾಗೂ ಎಲೆಕ್ಟ್ರಿಕಲ್‌ನವರು ಒಂದೇ ಜಾಗದಲ್ಲಿ ಕೆಲಸ ಮಾಡುವಾಗ ‘ಕ್ಲೋಸ್ ಮಾಡು’, ‘ಬಂದ್ ಮಾಡು’ ಎರಡನ್ನೂ ಬಿಟ್ಟು, ‘ಕರೆಂಟ್ ಆಫ್’, ‘ಕರೆಂಟ್ ಆನ್’ ಎಂದೇ ಹೇಳುವ ನಿಯಮ ಇರಲಿ. ಗ್ಯಾಸಿನ ವಿಷಯದಲ್ಲೂ ಅಷ್ಟೆ. ಕಬ್ಬಿಣ ತಯಾರಿಸುವ ಬ್ಲಾಸ್ಟ್ ಫರ್ನೇಸ್ ಗ್ಯಾಸಿನಲ್ಲಿ ಐದನೇ ಒಂದು ಪಾಲಿಗೂ ಹೆಚ್ಚು ಕಾರ್ಬನ್ ಮೊನಾಕ್ಸೈಡ್ (ಸಿಒ) ಎಂಬ ವಿಷಾನಿಲ ಇರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ‘ಗ್ಯಾಸ್ ಚೆಕ್ ಆಗೇತಿ’ ಎಂಬ ಮಾತಿಗೆ ಬೆಲೆ ಬರುವುದು ಎಷ್ಟು ಗಂಟೆಗೆ, ಯಾವ ಮೂಲೆಯಲ್ಲಿ, ಆಕ್ಸಿಜನ್ ಎಷ್ಟು, ಸಿಒ ಎಷ್ಟು ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ಎಂದು ಹೇಳಿದಾಗ. ಬೆಳಿಗ್ಗೆಯ ರೀಡಿಂಗ್ ಊಟದ ನಂತರ ಇಳಿಯುವವನಿಗೆ ಆಗಿಬರುವುದಿಲ್ಲ. ಮತ್ತೆ ಅಳೆಯಬೇಕು.

ಸಾರ್ವಜನಿಕರಿಗೆ ಕೊಡುವ ಎಚ್ಚರಿಕೆಗೂ ಇದೇ ಅಳತೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದದ್ದು ನಿಮ್ಮ ಓದುಗರಿಗೆ ನೆನಪಿದೆ. ಅಂಥ ರಾತ್ರಿ ‘ನದಿಪಾತ್ರದ ಜನ ಎಚ್ಚರದಿಂದಿರಬೇಕು’ ಎಂಬ ಒಂದು ಸಾಲು ಕಂಪ್ಲಿ, ಸಿರುಗುಪ್ಪದವರಿಗೆ ಏನು ಹೇಳುತ್ತದೆ? ಈಗ ಎಷ್ಟು ಕ್ಯುಸೆಕ್ ಬಿಡುತ್ತಿದ್ದಾರೆ, ಏರುತ್ತದೋ ಇಳಿಯುತ್ತದೋ, ಕಂಪ್ಲಿ ಸೇತುವೆಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಯಾವ ದಾರಿ ಬಿಡಬೇಕು, ನದಿಗೆ ಇಳಿಸಿದ ಪಂಪ್‌ಸೆಟ್ ತೆಗೆಯಬೇಕೋ ಬೇಡವೋ, ಮುಂದಿನ ಮಾಹಿತಿ ಎಷ್ಟು ಗಂಟೆಗೆ, ಇಷ್ಟೂ ಬೇಕು. ಕೊನೆಯದ್ದನ್ನು ಬಹಳ ಮಂದಿ ಮರೆಯುತ್ತಾರೆ. ಮುಂದಿನ ಮಾಹಿತಿ ಯಾವಾಗ ಎಂದು ಹೇಳದಿದ್ದರೆ ಆ ಖಾಲಿ ಜಾಗವನ್ನು ಗಾಳಿಸುದ್ದಿ ತುಂಬುತ್ತದೆ. ಹೊಸದೇನೂ ಇಲ್ಲದಿದ್ದರೂ ಹೇಳಿದ ಹೊತ್ತಿಗೆ ‘ಬದಲಾವಣೆ ಇಲ್ಲ’ ಎಂದು ತಿಳಿಸಬೇಕು.

ಭಾಷೆಯ ಪ್ರಶ್ನೆ ನಮ್ಮಲ್ಲಿ ಇನ್ನೂ ಬಿಕ್ಕಟ್ಟಿನದು. ಒಂದೇ ಗುತ್ತಿಗೆ ತಂಡದಲ್ಲಿ ಕನ್ನಡ, ತೆಲುಗು, ಉರ್ದು, ಹಿಂದಿ, ಒಡಿಯಾ ಮಾತಾಡುವವರಿರುತ್ತಾರೆ. 1948ರ ಕಾರ್ಖಾನೆ ಕಾಯ್ದೆಯೇ ಸೂಚನಾ ಫಲಕಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು ಹೇಳಿತ್ತು. ಭೋಪಾಲದ ವಿಷಾನಿಲ ದುರಂತದ ನಂತರ 1987ರಲ್ಲಿ ಮಾಡಿದ ತಿದ್ದುಪಡಿ, ಕೆಲಸದ ಅಪಾಯಗಳ ಮಾಹಿತಿ ಪಡೆಯುವುದು ಕಾರ್ಮಿಕನ ಹಕ್ಕು ಎಂದಿತು. ಫಲಕವೇನೋ ತೂಗಿಸಬಹುದು. ಕೆಲಸ ಶುರುವಾಗುವ ಮುನ್ನ ತಂಡಕ್ಕೆ ಸುರಕ್ಷತೆ ಹೇಳುವ ಬೆಳಗಿನ ಟೂಲ್‌ಬಾಕ್ಸ್ ಟಾಕ್‌ನಲ್ಲಿ ನಡೆಯುವುದನ್ನು ನೋಡಿ: ಎಂಜಿನಿಯರ್ ಏಳು ನಿಮಿಷ ಇಂಗ್ಲಿಷ್ ಬೆರೆತ ಕನ್ನಡದಲ್ಲಿ ಹೇಳುತ್ತಾನೆ, ಮೇಸ್ತ್ರಿ ಅದನ್ನು ‘ಸಂಭಾಲ್ ಕೇ ಕಾಮ್ ಕರೋ’ ಎಂದು ಮುಗಿಸುತ್ತಾನೆ. ಒಂದೊಂದೇ ವಾಕ್ಯ ಹೇಳಿ, ನಿಲ್ಲಿಸಿ, ತರ್ಜುಮೆ ಮಾಡಿಸಬೇಕು. ಒಂದು ಟಾಕ್‌ಗೆ ಒಂದೇ ಅಪಾಯ; ಹತ್ತು ಹೇಳಿದರೆ ಒಂದೂ ಉಳಿಯದು. ಕೊನೆಗೆ ‘ತಿಳೀತಾ?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ತಲೆಯಾಡಿಸುತ್ತಾರೆ, ಇಲ್ಲ ಎಂದವನಿಗೆ ನಾಳೆ ಗೇಟ್‌ಪಾಸ್ ಸಿಗದ ಭಯ. ಹಿಂದಿನ ಸಾಲಿನವನನ್ನು ಕರೆದು, ‘ಅಣ್ಣಾ, ಸೈರನ್ ಆದರ ಯಾವ ಕಡೆ ಓಡ್ತಿ, ತೋರ್ಸು’ ಎನ್ನಿ. ತೋರಿಸಲಾಗದಿದ್ದರೆ ಹೇಳಿದವನ ಕೆಲಸ ಮುಗಿದಿಲ್ಲ. ಓದಲು ಬಾರದವನ ಹೆಬ್ಬೆಟ್ಟನ್ನು ಇಂಗ್ಲಿಷ್ ಫಾರಂ ಮೇಲೆ ಒತ್ತಿಸಿಕೊಂಡು ‘ತರಬೇತಿ ಪಡೆದಿದ್ದಾನೆ’ ಎಂದು ದಾಖಲಿಸುವುದು ಶುದ್ಧ ಮೋಸ, ಆಡಿಟ್‌ನಲ್ಲಿ ಎಷ್ಟೇ ಅಂಕ ತಂದರೂ.

ಕೆಟ್ಟ ಸುದ್ದಿ ಮೇಲಕ್ಕೆ ಹೋಗುವ ದಾರಿ ಇನ್ನೊಂದು ಕಷ್ಟದ ಜಾಗ. ‘ಸ್ವಲ್ಪದರಲ್ಲಿ ತಪ್ಪಿತು’ ಎಂಬ ಘಟನೆಗಳನ್ನು ಬರೆದುಕೊಡಲು ಪೆಟ್ಟಿಗೆ ಇಟ್ಟಿರುತ್ತಾರೆ. ಮೊದಲ ಚೀಟಿ ಹಾಕಿದವನಿಗೆ ಶೋಕಾಸ್ ನೋಟಿಸ್ ಬಂದರೆ ಆ ಪೆಟ್ಟಿಗೆಯಲ್ಲಿ ಮತ್ತೆಂದೂ ಚೀಟಿ ಬೀಳುವುದಿಲ್ಲ. ಆಮೇಲೆ ಮ್ಯಾನೇಜರ್ ‘ಈ ತಿಂಗಳು ಶೂನ್ಯ ಘಟನೆ’ ಎಂದು ಫಲಕ ಹಾಕುತ್ತಾನೆ. ಆ ಸೊನ್ನೆಯನ್ನು ನಾವು ನಂಬುವುದಿಲ್ಲ. ಚೀಟಿ ಬಂದ ವಾರದೊಳಗೆ ‘ಇಂಥ ದೂರು ಬಂತು, ಹೀಗೆ ಸರಿಪಡಿಸಿದೆವು’ ಅಥವಾ ‘ಇಂಥ ಕಾರಣಕ್ಕೆ ಆಗಲಿಲ್ಲ’ ಎಂದು ಅದೇ ಫಲಕದಲ್ಲಿ, ಬರೆದವನ ಹೆಸರಿಲ್ಲದೆ ಹಾಕಿದರೆ ಮಾತ್ರ ಎರಡನೆಯ ಚೀಟಿ ಬರುತ್ತದೆ. ತಪ್ಪು ಮಾಡಿದ ಕಿರಿಯನನ್ನು ಗುಂಪಿನಲ್ಲಿ ಹೆಸರು ಹಿಡಿದು ಬೈಯುವುದೂ ಇದೇ ಹಾನಿ ಮಾಡುತ್ತದೆ. ಕಾರ್ಮಿಕರ ಆಧಾರ್, ಪಾಸ್‌ಬುಕ್ ಫೋಟೊಗಳನ್ನು ಎಂಬತ್ತು ಜನರ ಗುಂಪಿಗೆ ಹಾಕುವ ಗುತ್ತಿಗೆದಾರರಿಗೂ ಒಂದು ಮಾತು: ಬೇಕಾದವರಿಗೆ ಮಾತ್ರ ಕಳಿಸಿ, ಕೆಲಸ ಮುಗಿದ ಮೇಲೆ ಅಳಿಸಿ.

ಅಪಘಾತದ ಮೊದಲ ವರದಿಯ ಬಗ್ಗೆ ಹೇಳಲೇಬೇಕು. ಘಟನೆಯಾದ ಎರಡೇ ತಾಸಿನಲ್ಲಿ ‘ಕಾರ್ಮಿಕನ ನಿರ್ಲಕ್ಷ್ಯ’ ಎಂದು ಬರೆದುಬಿಡುತ್ತಾರೆ. ಪರಿಹಾರದ ವಿಚಾರಣೆಯಲ್ಲಿ ಆ ಮಾತು ವರ್ಷಗಟ್ಟಲೆ ಕುಟುಂಬದ ಬೆನ್ನು ಹತ್ತುತ್ತದೆ. ಮೊದಲ ವರದಿಯಲ್ಲಿ ಕಂಡದ್ದು ಮಾತ್ರ ಇರಲಿ: ಹೊತ್ತು, ಜಾಗ, ಯಾರಿದ್ದರು, ಯಂತ್ರ ಯಾವ ಸ್ಥಿತಿಯಲ್ಲಿತ್ತು, ಪರ್ಮಿಟ್ ನಂಬರ್, ಏನು ಚಿಕಿತ್ಸೆ ಕೊಟ್ಟರು. ಕೇಳಿದ್ದನ್ನು ‘ಇಂಥವರು ಹೇಳಿದರು’ ಎಂದೇ ಬರೆಯಬೇಕು. ಕಾರಣದ ಮನೆಯಲ್ಲಿ ‘ತನಿಖೆ ನಡೆಯುತ್ತಿದೆ’ ಎಂದರೆ ಸಾಕು. ಸ್ಥಳದ ಫೋಟೊ ಬೇಕು, ಗಾಯಾಳುವಿನ ಮುಖದ್ದು ಬೇಡ. ಮನೆಯವರಿಗೆ ತಿಳಿಸುವ ಮೊದಲು ಯಾವ ಗುಂಪಿಗೂ ಹೋಗಬಾರದು. ತಿಳಿಸುವ ಕೆಲಸವನ್ನು ಸೆಕ್ಯೂರಿಟಿಯವರಿಗೆ ವಹಿಸದೆ ಜವಾಬ್ದಾರಿ ಸ್ಥಾನದ ಒಬ್ಬರೇ, ಆ ಮನೆಯ ಭಾಷೆಯಲ್ಲಿ, ಯಾವ ಆಸ್ಪತ್ರೆ, ಜೊತೆಗೆ ಯಾರಿದ್ದಾರೆ, ಹೋಗಲು ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳಬೇಕು. ಜೀವ ಹೋಗಿದ್ದರೆ ‘ಸ್ವಲ್ಪ ಪೆಟ್ಟಾಗೇತಿ, ಬರ್ರಿ’ ಎಂದು ಕರೆಸುವ ರೂಢಿ ದಯೆಯಂತೆ ಕಾಣುತ್ತದೆ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ನಿಜ ತಿಳಿದ ಮೇಲೆ, ಅದೇ ಬಾಯಿ ಪರಿಹಾರದ ಬಗ್ಗೆ ಹೇಳುವ ಯಾವುದನ್ನೂ ಆ ಮನೆಯವರು ನಂಬುವುದಿಲ್ಲ.

ಸಂಪಾದಕರೇ, ನಿಮ್ಮ ವರದಿಗಾರರಲ್ಲಿ ಒಂದು ಕೋರಿಕೆ. ಮುಂದಿನ ಬಾರಿ ‘ಮಾಹಿತಿ ಕೊರತೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಬಿಡಬೇಡಿ. ಪರ್ಮಿಟ್ ಅಥವಾ ಎಲ್‌ಸಿ ಯಾರ ಹೆಸರಿನಲ್ಲಿತ್ತು, ಎಷ್ಟು ಗಂಟೆಗೆ ಕೊಟ್ಟರು, ಯಾರು ವಾಪಸ್ ಕೊಟ್ಟರು, ಎರಡನೆಯ ತಂಡ ಇತ್ತೇ, ಹಿಂದಿನ ಪಾಳಿಯ ಲಾಗ್‌ಬುಕ್ಕಿನ ಕೊನೆಯ ಸಾಲು ಏನು, ಸತ್ತವನಿಗೆ ಅಂದಿನ ಸೂಚನೆಯನ್ನು ಯಾವ ಭಾಷೆಯಲ್ಲಿ ಕೊಟ್ಟಿದ್ದರು ಎಂದು ಕೇಳಿ. ಉತ್ತರ ಕೊಡದಿದ್ದರೆ ಪ್ರಶ್ನೆಗಳನ್ನಾದರೂ ಅಚ್ಚು ಹಾಕಿ. ಆ ಲಾಗ್‌ಬುಕ್ ಬರೆಯುವವರೂ ನಿಮ್ಮ ಪತ್ರಿಕೆ ಓದುತ್ತಾರೆ.

ಇಂತಿ,
ಪಾಳಿ ಮೇಲ್ವಿಚಾರಕರು ಮತ್ತು ವಿದ್ಯುತ್ ಕೆಲಸಗಾರರ ಒಂದು ಗುಂಪು
ಬಳ್ಳಾರಿ